ಮಗಳ ಒಂದನೇ ಕ್ಲಾಸ್ ಅಡ್ಮಿಷನ್: ಒಂದೊಂದು ಬಾಗಿಲಲ್ಲೂ ಒಂದೊಂದು ಇಸವಿ

ಕೊನೆಗೂ ಆಯಿತು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈ ಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ನಮ್ಮ ಮಗಳು ಈಗ ನಮ್ಮ ಊರಿನ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನಲ್ಲಿ ಎಲ್ಲ ಮಕ್ಕಳ ಜೊತೆ ಕೂರುತ್ತಾಳೆ. ಹೆಸರು ಬರೀ ರಿಜಿಸ್ಟರ್‌ನಲ್ಲಿ ಇರೋದಲ್ಲ, ದಿನಾ ಹೋಗಿ ಬರುತ್ತಾಳೆ. ಇಷ್ಟಕ್ಕೆ ಹೋದ ಮಳೆಗಾಲದಿಂದ ಈ ಮಳೆಗಾಲದವರೆಗೆ ಹಿಡಿಯಿತು. ಮುಂದಿನ ಜೂನ್‌ಗೆ ಮಗುವನ್ನು ಸೇರಿಸಬೇಕು ಅಂತ ಓಡಾಡುವ ಅಪ್ಪ ಅಮ್ಮಂದಿರಿಗೆ ಒಂದಷ್ಟು ಅಲೆದಾಟ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೋದಲ್ಲೆಲ್ಲ ಒಂದೊಂದು ಥರದ ‘ಆಗಲ್ಲ’ ಕೇಳಿದೆ. ಶುರುವಿನಲ್ಲಿ ಎಲ್ಲರೂ ಕಲ್ಲು ಮನಸ್ಸಿನವರು ಅನಿಸುತ್ತಿತ್ತು. ಆಮೇಲೆ ರಾತ್ರಿ ಹೊತ್ತು ಮಗಳು ಮಲಗಿದ ಮೇಲೆ, ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವ ಕಾನೂನು ಹೇಗೆ ಬೆಳೆದು ಬಂತು ಅಂತ ಓದಲು ಕೂತೆ. ಆಗ ಗೊತ್ತಾಯಿತು, ನನಗೆ ಸಿಕ್ಕ ಬಹುತೇಕ ‘ಆಗಲ್ಲ’ಗಳು ಒಂದು ಕಾಲದಲ್ಲಿ ಸರ್ಕಾರದ್ದೇ ನೀತಿಗಳಾಗಿದ್ದವು. ನೀತಿ ಬದಲಾಗಿದೆ, ಮಾತು ಹಾಗೇ ಉಳಿದಿದೆ. ಎದುರಿಗೆ ಕೂತವರು ಯಾವ ಇಸವಿಯ ಮಾತು ಆಡುತ್ತಿದ್ದಾರೆ ಅಂತ ಗೊತ್ತಾದರೆ ಉತ್ತರ ಕೊಡೋದು ಸುಲಭ. ಸಿಟ್ಟೂ ಕಡಿಮೆ ಬರುತ್ತದೆ.

ನಾವು ಶುರು ಮಾಡಿದ್ದು ಸರ್ಟಿಫಿಕೇಟ್‌ನಿಂದ. ಈಗ ಅಂಗವೈಕಲ್ಯದ ಪ್ರಮಾಣ ಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಎರಡೂ ಸರ್ಕಾರದ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಆಗಬೇಕು. ಅರ್ಜಿಗೆ ಫೀಸ್ ಇಲ್ಲ. ಸೈಬರ್ ಸೆಂಟರ್‌ನವರು ಎಲ್ಲ ಅಪ್‌ಲೋಡ್ ಮಾಡಿಕೊಡಲು ನೂರು ರೂಪಾಯಿ ತೆಗೆದುಕೊಂಡರು. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ, ಆಸ್ಪತ್ರೆಯ ಹಳೇ ಕಾಗದಗಳು ಇದ್ದರೆ ಸಾಕು.

ನಾವು ಸಿಕ್ಕಿಹಾಕಿಕೊಂಡದ್ದು ಆಧಾರ್‌ನಲ್ಲಿ. ಐದು ವರ್ಷ ತುಂಬಿದ ಮೇಲೆ ಮಕ್ಕಳ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ನಮ್ಮ ಮಗಳ ಬಲಗೈ ಮುಷ್ಟಿ ಬಿಗಿದುಕೊಂಡೇ ಇರುತ್ತದೆ. ಬಿಡಿಸಿ ಯಂತ್ರದ ಮೇಲೆ ಇಡಲು ಹೋದಷ್ಟೂ ಇನ್ನೂ ಬಿಗಿಯಾಗುತ್ತದೆ. ಕೇಂದ್ರದ ಹುಡುಗ ಪಾಪ ಒಳ್ಳೆಯವನೇ, ಆದರೆ ಹಿಂದೆ ಉದ್ದ ಕ್ಯೂ ಇತ್ತು. ‘ಅಕ್ಕಾ, ಇನ್ನೊಂದಿನ ಬನ್ನಿ’ ಅಂದ. ಇನ್ನೊಂದಿನವೂ ಅದೇ ಆಯಿತು. ಬೆರಳಚ್ಚು ಕೊಡಲು ಆಗದವರಿಗೆ ‘ಬಯೋಮೆಟ್ರಿಕ್ ಎಕ್ಸೆಪ್ಷನ್’ ಅಂತ ಒಂದು ದಾರಿ ಇದೆ ಅಂತ ಕೊನೆಗೆ ಬೇರೆ ಕೇಂದ್ರದ ಒಬ್ಬರು ಹೇಳಿದರು. ಇಂಥ ಮಗು ಇದ್ದರೆ ಹೋದ ತಕ್ಷಣ ಇದೇ ಹೆಸರು ಹೇಳಿ ಕೇಳಿ. ಮಧ್ಯಾಹ್ನದ ಮೇಲೆ, ಜನ ಕಡಿಮೆ ಇರುವಾಗ ಹೋದರೆ ಇನ್ನೂ ವಾಸಿ.

ಆಮೇಲೆ ಜಿಲ್ಲಾ ಆಸ್ಪತ್ರೆಯ ಮೆಡಿಕಲ್ ಬೋರ್ಡ್. ವಾರದಲ್ಲಿ ಒಂದು ದಿನ ಮಾತ್ರ ಕೂರುತ್ತಾರೆ. ಮೂಳೆ ಡಾಕ್ಟರ್ ಒಂದು ಕಡೆ, ಮಕ್ಕಳ ಡಾಕ್ಟರ್ ಇನ್ನೊಂದು ಕಡೆ, ಬುದ್ಧಿಮಟ್ಟದ ಪರೀಕ್ಷೆ ಮಾಡುವ ಸೈಕಾಲಜಿಸ್ಟ್ ಆವತ್ತು ರಜೆ. ಮಗಳಿಗೆ ಮಾತು ನಿಧಾನ, ತಡೆದು ತಡೆದು ಬರುತ್ತದೆ. ಪರೀಕ್ಷೆಯಲ್ಲಿ ಉತ್ತರ ಬರುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಇವಳಿಗೆ ಸ್ವಲ್ಪ ಹೊತ್ತು ಕೊಡಿ, ತೋರಿಸಿ ಹೇಳಲು ಬಿಡಿ ಅಂತ ನಾನು ಬಾಯಿಬಿಟ್ಟು ಕೇಳಿದೆ. ಅವರು ಒಪ್ಪಿದರು. ನೀವೂ ಕೇಳಿ. ಕೇಳದಿದ್ದರೆ ಕೈ ಕಾಲಿನ ತೊಂದರೆಗೆ ಸುಮ್ನೆ ‘ಬುದ್ಧಿಮಾಂದ್ಯ’ ಅಂತ ಒಂದು ಸಾಲು ಸೇರಿಕೊಳ್ಳುತ್ತದೆ. ಅದನ್ನು ಆಮೇಲೆ ತೆಗೆಸೋದು ಕಷ್ಟ.

ತೊಂದರೆ ಎಷ್ಟು ಪರ್ಸೆಂಟ್ ಅಂತ ಹೇಳುವ ಹೊತ್ತಿನ ಸಂಕಟವನ್ನೂ ಹೇಳಬೇಕು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾನೂನಿನ ಹೆಚ್ಚಿನ ಸೌಲಭ್ಯ. ಹಾಗಾಗಿ ಮಗುವಿನ ತೊಂದರೆ ಜಾಸ್ತಿ ಕಾಣಲಿ ಅಂತ ತಾಯಿಯೇ ಒಳಗೊಳಗೆ ಬೇಡಿಕೊಳ್ಳಬೇಕು. ದಾಟಿತು ಅಂತ ಡಾಕ್ಟರ್ ಹೇಳಿದಾಗ ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಬರುವಾಗ ಅದೇ ನೆನೆದು ಅಳು ಬಂತು.

ನಮ್ಮ ಕಾನೂನಿನ ಕಣ್ಣಿಗೆ ಎಲ್ಲ ಮಕ್ಕಳೂ ಒಟ್ಟಿಗೆ ಬಿದ್ದವರಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆ ಮಾತ್ರ. ಆಟಿಸಂಗೆ ಅದರಲ್ಲಿ ಜಾಗ ಇರಲಿಲ್ಲ. ಅದು, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ತೊಂದರೆ, ಬಹುವಿಧ ತೊಂದರೆ ಇವುಗಳಿಗೆ ಅಂತಲೇ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. 2016ರ ಹೊಸ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು. ಓದು ಬರಹದ ಕಲಿಕಾ ನ್ಯೂನತೆಯೂ ಸೇರಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ಅಂದರೆ ಈಗಿನ ಬಹಳಷ್ಟು ಹೆಡ್‌ಮಾಸ್ಟರ್‌ಗಳು ಕೆಲಸಕ್ಕೆ ಸೇರಿದ ಮೇಲೆ.

ಇನ್ನೊಂದು ಮುಖ್ಯ ಮಾತು. ಕಾರ್ಡ್ ಬರಲಿ ಆಮೇಲೆ ಶಾಲೆ ನೋಡೋಣ ಅಂತ ಕೂರಬೇಡಿ. 6ರಿಂದ 14 ವರ್ಷದ ಯಾವ ಮಗುವಿಗೂ ಅಕ್ಕಪಕ್ಕದ ಶಾಲೆಯಲ್ಲಿ ಓದುವ ಹಕ್ಕು ಇದೆ. ಸೇರಲು ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಾರ್ಡ್ ಬೇಕಾಗೋದು ಆಮೇಲೆ, ಭತ್ಯೆ ಮತ್ತು ಸಲಕರಣೆಗೆ.

ಮೊದಲು ಹೋದದ್ದು ಮನೆ ಹತ್ತಿರದ ಒಂದು ಖಾಸಗಿ ಶಾಲೆಗೆ. ಮಗಳ ಜೊತೆ ಆಡುವ ಮಕ್ಕಳೆಲ್ಲ ಅಲ್ಲಿಗೇ ಹೋಗುತ್ತಾರೆ. ಆಫೀಸಿನಲ್ಲಿ ಒಬ್ಬ ಟೀಚರ್ ಅವಳ ಮುಂದೆ ಸ್ಲೇಟು ಇಟ್ಟು ‘ಎ ಬಿ ಸಿ ಡಿ ಬರಿ ಪುಟ್ಟಿ’ ಅಂದರು. ಅವಳು ಬಳಪವನ್ನು ಎಡಗೈಯಲ್ಲಿ ಹಿಡಿದು ಒಂದು ಗೆರೆ ಎಳೆಯುವಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ನನ್ನ ಕಡೆ ತಿರುಗಿ, ‘ನಮ್ಮಲ್ಲಿ ಇಂಥ ಮಕ್ಕಳಿಗೆ ಫೆಸಿಲಿಟಿ ಇಲ್ಲಮ್ಮ. ಜಿಲ್ಲಾ ಕೇಂದ್ರದಲ್ಲಿ ಹಾಸ್ಟೆಲ್ ಇರೋ ಸ್ಪೆಷಲ್ ಸ್ಕೂಲ್ ಇದೆಯಲ್ಲ, ಅಲ್ಲಿ ಚೆನ್ನಾಗಿ ನೋಡ್ಕೋತಾರೆ’ ಅಂದರು. ದನಿ ಮೆತ್ತಗೇ ಇತ್ತು. ಅದೇ ಇನ್ನೂ ಕಷ್ಟ, ಜಗಳ ಮಾಡಲೂ ಆಗಲ್ಲ.

ಈ ಮಾತಿನ ಇಸವಿ 1986. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಹೆಚ್ಚುಕಡಿಮೆ ಹೀಗೇ ಹೇಳಿತ್ತು. ಕೈ ಕಾಲಿನ ತೊಂದರೆ ಮತ್ತು ಸಣ್ಣಪುಟ್ಟ ತೊಂದರೆ ಇರುವ ಮಕ್ಕಳು ಆದಷ್ಟೂ ಎಲ್ಲರ ಜೊತೆ ಓದಲಿ, ತೀವ್ರ ತೊಂದರೆ ಇರುವವರಿಗೆ ಜಿಲ್ಲಾ ಕೇಂದ್ರಗಳಲ್ಲಿ ಹಾಸ್ಟೆಲ್ ಸಹಿತ ವಿಶೇಷ ಶಾಲೆ ಮಾಡೋಣ ಅಂತ. ಆ ನೀತಿಯ ಪ್ರಕಾರ ನೋಡಿದರೂ ನನ್ನ ಮಗಳು ಮೊದಲ ಗುಂಪಿಗೇ ಬರುತ್ತಾಳೆ ಅನ್ನೋದು ಬೇರೆ ವಿಷಯ.

ಎರಡು ವಿಷಯ ಆವತ್ತು ನನಗೆ ಗೊತ್ತಿರಲಿಲ್ಲ. ಒಂದು, ಒಂದನೇ ಕ್ಲಾಸಿಗೆ ಸೇರಿಸುವಾಗ ಮಗುವಿಗೆ ಹಾಗೆ ಪರೀಕ್ಷೆ ಮಾಡುವಂತೆಯೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ ಇದೆ, ಆಮೇಲಿನ ಪ್ರತಿ ಸಲಕ್ಕೂ 50,000ವರೆಗೆ. ಎರಡು, ಬಾಯಿಮಾತಿನ ‘ಇಲ್ಲ’ವನ್ನು ಹಿಡಿದುಕೊಂಡು ಏನೂ ಮಾಡಲಾಗದು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಉತ್ತರವನ್ನೂ ಕಾಗದದಲ್ಲೇ ಕೇಳಿ. ಮುಖದ ಮೇಲೆ ಸಲೀಸಾಗಿ ‘ಇಲ್ಲ’ ಅನ್ನುವವರು ಕಾಗದದಲ್ಲಿ ಬರೆಯಲು ಹಿಂದೆ ಮುಂದೆ ನೋಡುತ್ತಾರೆ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಸಿಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆ ಕಾಯ್ದೆಯ 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ‘ಅವಕಾಶ ವಂಚಿತ ಗುಂಪು’ ಅಂತ ಸೇರಿಸಿತು. ಖಾಸಗಿ ಶಾಲೆಯ ಶೇ. 25ರ ಸೀಟುಗಳಿಗೆ ಅವರೂ ಹಕ್ಕುದಾರರು. ಆದರೆ ನಮ್ಮ ರಾಜ್ಯದಲ್ಲಿ 2019ರಿಂದ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆ ಇಲ್ಲದ ಜಾಗ ನಮ್ಮಲ್ಲಿ ಎಲ್ಲಿದೆ? ಹಾಗಾಗಿ ಆ ದಾರಿ ಹೆಚ್ಚಿನವರಿಗೆ ಮುಚ್ಚಿದ ಹಾಗೇ ಲೆಕ್ಕ.

ಮನೆಯಲ್ಲಿ ಅತ್ತೆ, ‘ಒಂದ್ಸಲ ಆ ಸ್ಪೆಷಲ್ ಸ್ಕೂಲ್ ನೋಡ್ಕೊಂಡು ಬನ್ನಿ, ನೋಡೋಕೇನು’ ಅಂದರು. ಹೋಗಿ ನೋಡಿದ್ದು ಒಳ್ಳೆಯದೇ ಆಯಿತು. ಅಲ್ಲಿನ ಹಿರಿಯ ಟೀಚರ್ ಮಗಳ ಜೊತೆ ಅರ್ಧ ಗಂಟೆ ಆಟ ಆಡಿದರು. ಅಷ್ಟು ದಿನದ ಓಡಾಟದಲ್ಲಿ ನನ್ನನ್ನು ಬಿಟ್ಟು ಅವಳ ಜೊತೆಗೇ ನೇರ ಮಾತಾಡಿದ ಮೊದಲ ವ್ಯಕ್ತಿ ಅವರು. ಕೊನೆಗೆ ಹೇಳಿದರು: ‘ಇವಳಿಗೆ ಇಲ್ಲಿ ಸೀಟಿದೆ. ಆದ್ರೆ ಇವಳನ್ನ ಇಲ್ಲಿ ಬಿಡಬೇಡಿ. ನಿಮ್ಮ ಬೀದಿಯ ಮಕ್ಕಳ ಜೊತೆ ಓದಲಿ. ಕೈಗೆ ಸ್ಪ್ಲಿಂಟ್, ಕೂರೋಕೆ ಕುರ್ಚಿ, ಅದು ಹೇಗೆ ಮಾಡಿಸೋದು ಅಂತ ನಾನು ಹೇಳಿಕೊಡ್ತೀನಿ.’

ವಿಶೇಷ ಶಾಲೆಗಳನ್ನು ಈಗ ಸುಮ್ನೆ ಬೈಯೋದು ಫ್ಯಾಷನ್ ಆಗಿದೆ. ನನಗೆ ಅದು ಒಪ್ಪಿಗೆ ಇಲ್ಲ. 1887ರಲ್ಲಿ ಅಮೃತಸರದಲ್ಲಿ ಕುರುಡು ಮಕ್ಕಳಿಗೆ ಶಾಲೆ ಶುರುವಾದಾಗ, 1901ರಲ್ಲಿ ನಮ್ಮ ಮೈಸೂರಿನಲ್ಲಿ ಕಿವುಡ ಮತ್ತು ಕುರುಡು ಮಕ್ಕಳಿಗೆ ಶಾಲೆ ತೆರೆದಾಗ, ಆ ಮಕ್ಕಳಿಗೆ ಬೇರೆ ಯಾವ ಶಾಲೆಯೂ ಬಾಗಿಲು ತೆರೆದಿರಲಿಲ್ಲ. ಇಂಥ ಮಕ್ಕಳೂ ಕಲಿಯುತ್ತಾರೆ ಅಂತ ತೋರಿಸಿದ್ದೇ ಆ ಶಾಲೆಗಳು. ಇವತ್ತಿಗೂ ಸನ್ನೆ ಭಾಷೆಯಲ್ಲಿ ಬೆಳೆದ ಎಷ್ಟೋ ಕಿವುಡರು ತಮ್ಮ ಮಕ್ಕಳಿಗೆ ಅಂಥ ಶಾಲೆಯೇ ಬೇಕು ಅನ್ನುತ್ತಾರೆ, ಮಾತಾಡಲು ಜೊತೆಯವರು ಸಿಗುವುದು ಅಲ್ಲೇ. 2016ರ ಕಾಯ್ದೆಯ 31ನೇ ಸೆಕ್ಷನ್ ಕೂಡ ಎರಡೂ ದಾರಿ ಇಟ್ಟಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ತೊಂದರೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅಕ್ಕಪಕ್ಕದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ. ಆಯ್ಕೆ ನಮ್ಮ ಕಡೆಯದು. ‘ಅಲ್ಲಿಗೇ ಹೋಗಿ’ ಅಂತ ಕಳಿಸುವ ಅಧಿಕಾರ ಸಾಮಾನ್ಯ ಶಾಲೆಯವರಿಗೆ ಇಲ್ಲ.

ಏಪ್ರಿಲ್‌ನಲ್ಲಿ ಸರ್ಕಾರಿ ಶಾಲೆಗೆ ಹೋದೆವು. ಹೆಡ್‌ಮಾಸ್ಟರ್ ಒಳ್ಳೆಯ ಮನುಷ್ಯ. ಕೂರಿಸಿ ಟೀ ತರಿಸಿದರು. ‘ಅಡ್ಮಿಷನ್ ಕೊಡೋದಿಲ್ಲ ಅಂತ ನಾನು ಹೇಳಲ್ಲಮ್ಮ. ಹೆಸರು ಬರ್ಕೋತೀನಿ. ಆದ್ರೆ ಮಗು ಇಲ್ಲಿ ಬಂದು ಏನು ಮಾಡುತ್ತೆ? ಮೊದಲು ಸ್ವಲ್ಪ ನಡೆಯೋದು ಕಲಿಯಲಿ. ಅಲ್ಲೀವರೆಗೆ ಮನೇಲೇ ಇಟ್ಕೊಳಿ, ಬಿಆರ್‌ಸಿಯಿಂದ ಟೀಚರ್ ಮನೆಗೇ ಬರ್ತಾರೆ. ಹಾಜರಿ ನಾನು ನೋಡ್ಕೋತೀನಿ’ ಅಂದರು. ಬಿಆರ್‌ಸಿ ಅಂದರೆ ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದ ಸಂಪನ್ಮೂಲ ಕೇಂದ್ರ.

ಇದು ಎಷ್ಟು ಅನುಕೂಲದ ಮಾತು ನೋಡಿ. ನಮ್ಮ ಮನೆಯವರು ಹೂಂ ಅಂದೇಬಿಟ್ಟಿದ್ದರು. ಬೇಡ ಅನ್ನಲು ನನಗೂ ಆವತ್ತು ಧೈರ್ಯ ಬರಲಿಲ್ಲ. ಸಂಜೆ ಮಗಳು ‘ನಂಗೆ ಬ್ಯಾಗು ಯಾವಾಗ’ ಅಂತ ಕೇಳಿದಾಗ ಏನು ಹೇಳಬೇಕೋ ತೋಚಲಿಲ್ಲ.

ಆ ಒಂದು ಮಾತಿನಲ್ಲಿ ಎರಡು ಇಸವಿ ಇದ್ದವು. ‘ಮೊದಲು ನಡೆಯೋದು ಕಲಿಯಲಿ’ ಅನ್ನೋದು 1974ರದು. ಆ ವರ್ಷ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣದ ಯೋಜನೆ ತಂದಿತು. ಐಇಡಿಸಿ ಅಂತ ಕರೆಯುತ್ತಿದ್ದರು. ಪುಸ್ತಕ, ಬಟ್ಟೆ, ಪ್ರಯಾಣಕ್ಕೆ ದುಡ್ಡು, ವಿಶೇಷ ಶಿಕ್ಷಕರು ಎಲ್ಲ ಇತ್ತು. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಶಾಲೆ ಇದ್ದ ಹಾಗೇ ಇರುತ್ತಿತ್ತು, ಮಗು ಅದಕ್ಕೆ ಹೊಂದಿಕೊಳ್ಳಬೇಕಿತ್ತು. ಹೊಂದಿಕೊಳ್ಳಲು ಆಗದ ಮಗು ಹೊರಗೇ. ತಮಾಷೆ ಅಂದರೆ, ಬೇರೆ ಮಾಡಬೇಡಿ ಅನ್ನುವ ಸಲಹೆ ಅದಕ್ಕೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಶಿಕ್ಷಣದ ಬಗ್ಗೆ ಬಂದ 1944ರ ಸಾರ್ಜೆಂಟ್ ವರದಿಯೇ, ತೀರಾ ಅಗತ್ಯ ಇಲ್ಲದಿದ್ದರೆ ಈ ಮಕ್ಕಳನ್ನು ಬೇರೆ ಮಕ್ಕಳಿಂದ ಬೇರ್ಪಡಿಸಬೇಡಿ ಅಂದಿತ್ತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗವೂ ಸಾಮಾನ್ಯ ಶಾಲೆಯೊಳಗೇ ಇವರ ಶಿಕ್ಷಣ ಆಗಲಿ ಅಂದಿತ್ತು. ಇನ್ನು 1995ರ ಕಾಯ್ದೆ ಸಾಮಾನ್ಯ ಶಾಲೆಗೆ ಸೇರಿಸಲು ಪ್ರಯತ್ನ ಮಾಡಿ ಅಂತ ಸರ್ಕಾರಕ್ಕೆ ಹೇಳಿ ಕೈ ತೊಳೆದುಕೊಂಡಿತು. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳು ಸೇರಿ, ಬದಲಾಗಬೇಕಾದದ್ದು ಶಾಲೆ ಅಂತ ಘೋಷಣೆ ಮಾಡಿದವು. ಆ ಮಾತು ನಮ್ಮ ಕಾನೂನಿಗೆ ಗಟ್ಟಿಯಾಗಿ ಇಳಿದದ್ದು 2016ರ ಕಾಯ್ದೆಯಲ್ಲಿ. ಅದರ 16ನೇ ಸೆಕ್ಷನ್ ಓದಿ: ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಸೌಲಭ್ಯಗಳನ್ನು ಮಗುವಿಗೆ ಬಳಸಲು ಆಗುವಂತೆ ಮಾಡಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು.

‘ಮನೇಲೇ ಇಟ್ಕೊಳಿ’ ಅನ್ನೋದು 2001ರ ಆಸುಪಾಸಿನದು. ಸರ್ವ ಶಿಕ್ಷಣ ಅಭಿಯಾನ ಬಂದಾಗ ಯಾವ ಮಗುವನ್ನೂ ಬಿಡಬಾರದು ಅಂತ ಗೃಹಾಧಾರಿತ ಶಿಕ್ಷಣವನ್ನೂ ಸೇರಿಸಿದರು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಅದು ನಿಜಕ್ಕೂ ವರ. 2012ರ ತಿದ್ದುಪಡಿಯಲ್ಲಿ ಅದಕ್ಕೆ ಕಾನೂನಿನ ಜಾಗ ಸಿಕ್ಕಿತು. ಆದರೆ ಅದು ತೀವ್ರ ಅಥವಾ ಬಹುವಿಧ ತೊಂದರೆ ಇರುವ ಮಗುವಿನ ಹಕ್ಕು, ಬೇಕು ಅನಿಸಿದರೆ ಮಗುವಿನ ಕಡೆಯವರು ಆರಿಸಿಕೊಳ್ಳಬೇಕು. ಶಾಲೆ ಹೊರಿಸುವಂತಿಲ್ಲ. ನಿಮ್ಮ ಮುಂದೆ ಒಪ್ಪಿಗೆ ಪತ್ರ ಇಟ್ಟು ಸಹಿ ಹಾಕಿ ಅಂದರೆ, ಮನೆಗೆ ತಂದು ಓದಿ. ಆಮೇಲೆ ನೋಡಿಕೊಳ್ಳೋಣ ಅಂತ ಹಾಕಬೇಡಿ.

ಮೇ ತಿಂಗಳಿಡೀ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದದ್ದು ಬಂದದ್ದೇ ಆಯಿತು. ರಜೆ, ಚುನಾವಣೆ ಕೆಲಸ, ಮೀಟಿಂಗ್, ಗುಮಾಸ್ತರ ಮದುವೆ ಊಟ, ಏನೇನೋ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಮದುವೆ ಸೀಸನ್ನಿನ ಬ್ಲೌಸುಗಳು ಹಾಗೇ ಉಳಿದವು, ಗಿರಾಕಿಗಳ ಹತ್ತಿರ ಬೈಸಿಕೊಂಡೆ. ಅರ್ಜಿಯಲ್ಲಿ ನಾನು ಬರೆದದ್ದು ಇಷ್ಟೇ: ಮಗಳು ದಿನಾ ಶಾಲೆಗೆ ಬರುತ್ತಾಳೆ, ಗೃಹಾಧಾರಿತ ಶಿಕ್ಷಣ ನಮಗೆ ಬೇಡ, ಏನೇನು ಹೊಂದಾಣಿಕೆ ಬೇಕು ಅನ್ನುವ ಪಟ್ಟಿ ಲಗತ್ತಿಸಿದೆ, ಸಾಧ್ಯವಿಲ್ಲ ಅನ್ನುವುದಾದರೆ ಕಾರಣ ಸಹಿತ ಹಿಂಬರಹ ಕೊಡಿ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ನಂಬರ್ ತೆಗೆದುಕೊಂಡೆ. ಈ ‘ಹಿಂಬರಹ ಕೊಡಿ’ ಅನ್ನೋದು ಕೆಲಸ ಮಾಡಿತು ಅಂತ ನನ್ನ ನಂಬಿಕೆ. ನೀವು ಏನು ಬರೆದರೂ ಆ ಸಾಲು ಮರೆಯಬೇಡಿ.

ಹಿಂಬರಹ ಬರಲಿಲ್ಲ. ಬದಲಿಗೆ ಬಿಐಇಆರ್‌ಟಿ ಬಂದರು. ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ನೀವು ಮೊದಲು ಹುಡುಕಬೇಕಾದದ್ದು ಇವರನ್ನೇ. ಬಿಆರ್‌ಸಿಯಲ್ಲಿ ಕೇಳಿದರೆ ಸಿಗುತ್ತಾರೆ. ನಮ್ಮವರು ತಮ್ಮ ಬೈಕಿನಲ್ಲಿ ಊರೂರು ಸುತ್ತುವ ಮನುಷ್ಯ. ಎಷ್ಟು ಶಾಲೆಗಳಪ್ಪಾ ಅಂತ ಕೇಳಿದರೆ ನಕ್ಕರು. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮುಂದಿನ ಹಂತದಲ್ಲಿ 15ಕ್ಕೆ ಒಬ್ಬ ಇರಬೇಕು ಅಂತ, ಸುಪ್ರೀಂ ಕೋರ್ಟಿನ 2021ರ ತೀರ್ಪಿನ ಬೆನ್ನಿಗೆ, ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಹಾಗೆ ಇರುವ ತಾಲ್ಲೂಕು ನಾನಂತೂ ನೋಡಿಲ್ಲ.

ಅವರು ಶಾಲೆಗೆ ಬಂದು ಅಳತೆ ತೆಗೆದರು. ರ‍್ಯಾಂಪ್ ಇತ್ತು. ಫೋಟೊದಲ್ಲಿ ಚೆನ್ನಾಗೇ ಕಾಣುತ್ತಿತ್ತು. ಮಗಳ ವಾಕರ್ ಇಟ್ಟು ನೋಡಿದರೆ ಏರು ಎಷ್ಟು ಕಡಿದು ಅಂದರೆ ನಾನೇ ಹಿಂದಿನಿಂದ ತಳ್ಳಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನೋದು ಲೆಕ್ಕ. ಇದು ಅದರ ಅರ್ಧವೂ ಇರಲಿಲ್ಲ. ಮೇಲೆ ಹತ್ತಿದ ಮೇಲೆ ಬಾಗಿಲ ಬಳಿ ಹೊಸ್ತಿಲು ಬೇರೆ. ನೀವು ಶಾಲೆ ನೋಡಲು ಹೋದಾಗ ರ‍್ಯಾಂಪ್ ಇದೆಯಾ ಅಂತ ಕೇಳಿ ಬರಬೇಡಿ. ಮಗುವನ್ನು, ವಾಕರ್ ಅಥವಾ ಗಾಲಿ ಕುರ್ಚಿಯನ್ನು ಕರೆದುಕೊಂಡೇ ಹೋಗಿ ಗೇಟಿನಿಂದ ಬೆಂಚಿನವರೆಗೆ, ಅಲ್ಲಿಂದ ಶೌಚಾಲಯದವರೆಗೆ ನಡೆಸಿ ನೋಡಿ.

ರ‍್ಯಾಂಪ್ ಸರಿ ಮಾಡಲು ‘ಅನುದಾನ ಇಲ್ಲ’ ಅಂದರು. ಇದಕ್ಕೂ ಒಂದು ಇಸವಿ ಇದೆ, ಆದರೆ ನಮ್ಮ ದೇಶದ್ದಲ್ಲ. 1972ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶಾಲಾ ಮಂಡಳಿ ಇದೇ ನೆಪ ಹೇಳಿತ್ತು. ದುಡ್ಡು ಸಾಲದಿದ್ದರೆ ಆ ಕೊರತೆಯ ಹೊರೆ ಈ ಮಕ್ಕಳ ಮೇಲೆ ಮಾತ್ರ ಜಾಸ್ತಿ ಬೀಳಬಾರದು ಅಂತ ಕೋರ್ಟು ಹೇಳಿತು. ಪೆನ್ಸಿಲ್ವೇನಿಯಾದಲ್ಲಿ ಅಪ್ಪ ಅಮ್ಮಂದಿರ ಸಂಘವೇ ಹೂಡಿದ್ದ ಕೇಸೂ ಅದೇ ವರ್ಷ ಇತ್ಯರ್ಥವಾಯಿತು. ಈ ಎರಡು ಕೇಸುಗಳ ಬೆನ್ನಿಗೆ 1975ರಲ್ಲಿ ಆ ದೇಶದಲ್ಲಿ ಎಲ್ಲ ಅಂಗವಿಕಲ ಮಕ್ಕಳಿಗೂ ಶಿಕ್ಷಣದ ಕಾನೂನು ಬಂತು. ಇಟಲಿ 1977ರಲ್ಲಿ ಪ್ರತ್ಯೇಕ ತರಗತಿಗಳನ್ನೇ ರದ್ದು ಮಾಡಿತು. ಎಲ್ಲ ನಮ್ಮಂಥವರು ಕೂತು ನಿಂತು ಜಗಳ ಮಾಡಿಯೇ ಆದದ್ದು ಅಂತ ಓದಿ ನನಗೆ ಬಲ ಬಂತು. ಹೆಡ್‌ಮಾಸ್ಟರ್ ಹತ್ತಿರ ವಾಷಿಂಗ್ಟನ್ ಕಥೆ ಹೇಳಲು ಹೋಗಲಿಲ್ಲ, ಬಿಡಿ. ಹಳೇ ವಿದ್ಯಾರ್ಥಿಯೊಬ್ಬರು ಸಿಮೆಂಟು ಕೊಟ್ಟರು, ನಮ್ಮ ಮನೆಯವರು ಗಾರೆಯವರ ಜೊತೆ ಭಾನುವಾರ ನಿಂತು ರ‍್ಯಾಂಪ್ ಉದ್ದ ಮಾಡಿಸಿದರು. ಹೀಗೆ ನಾವೇ ಮಾಡಿಸಬೇಕಾದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಜೂನ್ ಹತ್ತಿರ ಬಂದಿತ್ತು, ಅಷ್ಟೆ.

ಕೊನೆಯ ಅಡ್ಡಿ ಬಂದದ್ದು ನಾನು ಎಣಿಸದ ಕಡೆಯಿಂದ. ಪೋಷಕರ ಸಭೆಯಲ್ಲಿ ಒಬ್ಬರು ಎದ್ದು, ‘ಆ ಮಗು ನೋಡ್ಕೊಳ್ಳೋದ್ರಲ್ಲೇ ಟೀಚರ್ ಟೈಮೆಲ್ಲ ಹೋಗುತ್ತೆ, ನಮ್ಮ ಮಕ್ಕಳ ಪಾಠ ಹಿಂದೆ ಬೀಳಲ್ವಾ?’ ಅಂದರು. ನಾನು ಅಲ್ಲೇ ಕೂತಿದ್ದೆ. ಗಂಟಲು ಕಟ್ಟಿತು. ಉತ್ತರ ಕೊಟ್ಟದ್ದು ಒಂದನೇ ಕ್ಲಾಸಿನ ನಲಿಕಲಿ ಟೀಚರ್. ‘ನಮ್ಮ ಕ್ಲಾಸಲ್ಲಿ ಈಗ್ಲೂ ಎಲ್ಲರೂ ಒಂದೇ ಪಾಠ ಓದ್ತಿಲ್ಲವಲ್ಲಣ್ಣ’ ಅಂದರು.

ನಿಜವೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯನ್ನು ಈ ಮಕ್ಕಳಿಗೆ ಅಂತ ಯಾರೂ ಮಾಡಿದ್ದಲ್ಲ. ಆದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ, ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಕಾರ್ಡು ಮುಗಿಸಿ ಮುಂದೆ ಹೋಗುತ್ತದೆ. ಮಕ್ಕಳು ಗುಂಪಾಗಿ ಕೂರುವ ಜಾಗಕ್ಕೆ ತಟ್ಟೆ ಅನ್ನುತ್ತಾರೆ. ಐದು ತಟ್ಟೆಗಳಲ್ಲಿ ಎರಡು ಗೆಳೆಯರ ಸಹಾಯದ ತಟ್ಟೆಗಳು. ನನ್ನ ಮಗಳಿಗೆ ಕಾರ್ಡು ಎತ್ತಿಕೊಡಲು, ಅವಳ ಉತ್ತರ ಬರುವವರೆಗೆ ಕಾಯಲು ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ತಾನಾಗೇ ಪಕ್ಕ ಕೂರುತ್ತಾಳೆ. ಒಂದು ಎಚ್ಚರ ಇರಲಿ. ‘ಅವಳ ವೇಗದಲ್ಲಿ’ ಅನ್ನೋದು ಸುಲಭವಾಗಿ ‘ಅವಳನ್ನು ಅವಳ ಪಾಡಿಗೆ ಬಿಡೋದು’ ಆಗಿಬಿಡುತ್ತದೆ. ತಿಂಗಳಿಗೊಮ್ಮೆ ಏಣಿಯಲ್ಲಿ ಯಾವ ಮೆಟ್ಟಿಲಿಗೆ ಬಂದಿದ್ದಾಳೆ ಅಂತ ನಾನು ಕೇಳಿ ನೋಡುತ್ತೇನೆ. ಟೀಚರ್‌ಗೆ ಬೇಜಾರಿಲ್ಲ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನಾನು ಹೋಗಿ ಶೌಚಕ್ಕೆ ಕರೆದುಕೊಂಡು ಹೋಗುತ್ತೇನೆ. ‘ತಾಯಿ ದಿನವಿಡೀ ಬಂದು ಕೂರಬೇಕು’ ಅಂತ ಷರತ್ತು ಹಾಕಲು ನೋಡಿದರು, ಒಪ್ಪಲಿಲ್ಲ. ಚಮಚದ ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿದ್ದೇವೆ, ಈಗ ತಾನೇ ತಿನ್ನುತ್ತಾಳೆ. ಅರ್ಧ ಚೆಲ್ಲುತ್ತದೆ.

ಖರ್ಚಿನ ವಿಷಯ. ನಮ್ಮ ಕೈಯಿಂದ ಹೋದದ್ದು ಹತ್ತಿರ ಹತ್ತಿರ 12,000 ರೂಪಾಯಿ. ಹೆಚ್ಚಿನದು ಆಟೊಗೆ, ಆಮೇಲೆ ಕುರ್ಚಿ ಮಾಡಿದ ಬಡಗಿಗೆ. ಬಿಟ್ಟ ಹೊಲಿಗೆಯ ಲೆಕ್ಕ ಇದರಲ್ಲಿಲ್ಲ. ಬರಬೇಕಾದದ್ದೂ ಇದೆ. 2018ರಿಂದ ನಡೆಯುತ್ತಿರುವ ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ತೆಗೆದಿಡಲು ಅವಕಾಶ ಇದೆ. ಇದು ಕೈಗೆ ಕೊಡುವ ದುಡ್ಡಲ್ಲ, ಸಲಕರಣೆ, ಪ್ರಯಾಣ, ಜೊತೆಗೆ ಬರುವವರ ಭತ್ಯೆ ಹೀಗೆ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಇದರ ಮೇಲೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಸ್ಟೈಪೆಂಡ್ ಬೇರೆ ಇದೆ. ವಾಕರ್, ಕಾಲಿಗೆ ಕಟ್ಟುವ ಕ್ಯಾಲಿಪರ್ ಥರದವು ಕೇಂದ್ರ ಸರ್ಕಾರದ ಆಲಿಮ್ಕೊ ಸಂಸ್ಥೆಯ ಶಿಬಿರದಲ್ಲಿ ಉಚಿತವಾಗಿ ಸಿಗುತ್ತವೆ. ಅಳತೆ ಕೊಡುವ ಶಿಬಿರ ಒಂದು, ಹಂಚುವ ಶಿಬಿರ ಇನ್ನೊಂದು, ನಡುವೆ ತಿಂಗಳುಗಟ್ಟಲೆ ಅಂತರ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ, ಅದಕ್ಕೇ ಅಳತೆಯಲ್ಲಿ ಸ್ವಲ್ಪ ಹೆಚ್ಚು ಬಿಡಲು ಹೇಳಿ. ಇದೆಲ್ಲ ಬರಬೇಕಾದರೆ ಶಾಲೆಯವರು ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ಮಾಹಿತಿ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಮಗುವಿನ ವಿಶೇಷ ಅಗತ್ಯದ ಕಾಲಂ ತುಂಬಿರಬೇಕು. ನಮ್ಮದು ಖಾಲಿ ಇತ್ತು. ಅಡ್ಮಿಷನ್ ಆದ ವಾರದಲ್ಲೇ ಕಂಪ್ಯೂಟರ್ ಮುಂದೆ ನಿಂತು ನೋಡಿ.

ಶೌಚಾಲಯ ಇನ್ನೂ ಆಗಿಲ್ಲ. ಅಗಲ ಬಾಗಿಲು, ಹಿಡಿದುಕೊಳ್ಳಲು ಕಂಬಿ, ಕಮೋಡ್ ಇಷ್ಟಕ್ಕೆ ಅಂದಾಜು ಪಟ್ಟಿ ಮಾಡಿ ಪಂಚಾಯಿತಿಗೆ ಕಳಿಸಿದ್ದಾರೆ. ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿ, ಒತ್ತಡ ಹಾಕಿದರೆ ಬೇಗ ಆಗುತ್ತದೆ ಅಂತ ಬಿಐಇಆರ್‌ಟಿ ಹೇಳಿದರು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರೇ ಇರಬೇಕು, ಅದರಲ್ಲೂ ಅವಕಾಶ ವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಅವರ ಪ್ರಮಾಣದಲ್ಲಿ ಜಾಗ ಕೊಡಬೇಕು. 2012ರಿಂದ ನಮ್ಮ ಮಕ್ಕಳೂ ಆ ಗುಂಪಿನಲ್ಲೇ ಇದ್ದಾರಲ್ಲ. ನಮ್ಮ ಶಾಲೆಯ ಸಮಿತಿ ಮುಂದಿನ ತಿಂಗಳು ಬದಲಾಗುತ್ತದೆ. ನಾನು ಹೆಸರು ಕೊಟ್ಟಿದ್ದೇನೆ. ನಿಮ್ಮ ಶಾಲೆಯಲ್ಲಿ ಯಾವಾಗ ಅಂತ ಹೆಡ್‌ಮಾಸ್ಟರ್ ಹತ್ತಿರ ಕೇಳಿ ಇಟ್ಟುಕೊಳ್ಳಿ.